ಕೋನಾಕ್ಷರಗಳ ಕುಲ

ಚಿಮ್ಮಡದಿಂದ ಬನಹಟ್ಟಿಯ ಕಡೆಗೆ ಹೊರಟವನಿಗೆ ಅಂಗಡಿಯ ಹಲಗೆಗಳ ಮೇಲೂ, ಟ್ರ್ಯಾಕ್ಟರಿನ ಹಿಂಬದಿಯಲ್ಲೂ, ಜಾತ್ರೆ ಕುಸ್ತಿಗಳ ಪ್ರಕಟಣೆಗಳಲ್ಲೂ ಎದುರಾಗುವ ದಪ್ಪನೆಯ, ಮೂಲೆಮೂಲೆಯಾದ ಕನ್ನಡ ಅಕ್ಷರಗಳನ್ನು ಕಂಡು, ಇವು ಇಂಗ್ಲಿಷ್ ಫಲಕಗಳ ಅನುಕರಣದಿಂದ ಹುಟ್ಟಿದ ವಿಕಾರಗಳೆಂದು ಬಗೆವವರುಂಟು. ದುಂಡುತನವೇ ಕನ್ನಡ ಲಿಪಿಯ ಸ್ವಭಾವವೆಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ. ಲಿಪಿಯ ಚರಿತ್ರೆ ಈ ನಂಬಿಕೆಯನ್ನು ಸಮರ್ಥಿಸುವುದಿಲ್ಲ.

ಐದನೆಯ ಶತಮಾನದಲ್ಲಿ ಕದಂಬರ ಕೀರ್ತಿಯನ್ನು ಸಂಸ್ಕೃತದಲ್ಲಿ ಕಾವ್ಯವಾಗಿ ರಚಿಸಿ, ತಾನೇ ಶಿಲೆಯ ಮೇಲೆ ಬರೆದ ಕುಬ್ಜಕವಿಯ ತಾಳಗುಂದದ ಸ್ತಂಭದಲ್ಲಿ ಅಕ್ಷರಗಳು ನೆತ್ತಿಯ ಮೇಲೆ ಪುಟ್ಟ ಚೌಕದ ಪೆಟ್ಟಿಗೆಗಳನ್ನು ಹೊತ್ತು ನಿಂತಿವೆ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದ ಗೆರೆಗಳೂ ನೆಟ್ಟನೆಯವು, ಕೋನಗಳು ಸ್ಫುಟವಾದವು. ನಮ್ಮ ಜಿಲ್ಲೆಯ ಬಾದಾಮಿಯಲ್ಲಿಯೇ ಮೊದಲನೆಯ ಪುಲಿಕೇಶಿಯು ದುರ್ಗವನ್ನು ಕಟ್ಟಿಸಿ 543ರಲ್ಲಿ ಬಂಡೆಗೆ ಕೊರೆಯಿಸಿದ ಲೇಖವೂ, 578ರಲ್ಲಿ ಮಂಗಲೇಶನು ವಿಷ್ಣುಗುಹೆಯಲ್ಲಿ ಬರೆಯಿಸಿದ ಶಾಸನವೂ ಸಾರ್ವಜನಿಕರ ಕಣ್ಣಿಗೆ ಬೀಳಲೆಂದೇ ಹುಟ್ಟಿದ ಬರಹಗಳು. ಈ ಅರ್ಥದಲ್ಲಿ ಇಂದಿನ ಫಲಕಾಕ್ಷರಗಳಿಗೆ ಅವು ಪೂರ್ವಜರೆಂದು ನಾನು ತಿಳಿಯುತ್ತೇನೆ. ಉಳಿಗೆ ನೇರಗೆರೆಯು ಸುಲಭ, ವಕ್ರರೇಖೆಯು ಶ್ರಮಸಾಧ್ಯ. ಓಲೆಗರಿಯದಾದರೋ ಇದಕ್ಕೆ ವಿಪರೀತವಾದ ಧರ್ಮ: ನಾರಿನ ಗುಂಟ ಸೆಳೆದ ನೇರಗೆರೆಯು ಗರಿಯನ್ನು ಸೀಳಬಹುದಾದುದರಿಂದ ಬರೆಯುವ ಕಡ್ಡಿಯಾದ ಕಂಠವು ಬಳಸಿ ಬಳಸಿ ನಡೆಯಿತೆಂದು ಲಿಪಿಜ್ಞರು ವಿವರಿಸುತ್ತಾರೆ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮೂಡಿದ ‘ಮಂಗಳೂರ ಸಮಾಚಾರ’ವಾಗಲಿ, ಬಳಿಕ ಬಾಸೆಲ್ ಮಿಷನ್ನಿನವರು 1894ರಲ್ಲಿ ಮೊಳೆಗಳನ್ನು ಜೋಡಿಸಿ ಅಚ್ಚುಹಾಕಿದ ಕಿಟ್ಟೆಲ್ಲರ ನಿಘಂಟಾಗಲಿ ಆ ದುಂಡು ರೂಪವನ್ನೇ ಮುಂದುವರಿಸಿದವು.

ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಮೊದಲಾದ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದ ಈ ಸೀಮೆಯು 1948ರಲ್ಲಿ ಮುಂಬಯಿ ಪ್ರಾಂತಕ್ಕೂ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೂ ಸೇರಿತು. ಮರಾಠಿಯ ನೆರೆಯಲ್ಲಿ ಬೆಳೆದ ಇಲ್ಲಿಯ ಪೇಂಟರರಿಗೆ, ನೇರವಾದ ತಲೆಗೆರೆಯಿಂದ ತೂಗುವ ದೇವನಾಗರಿಯೂ ಕಣ್ಣಿಗೆ ಪರಿಚಿತವಾಗಿತ್ತು.

ದಾರಕ್ಕೆ ಸೀಮೆಸುಣ್ಣ ಬಳಿದು ಮೇಲೊಂದು ಕೆಳಗೊಂದು ಗೆರೆ ಹೊಡೆದು, ಚಪ್ಪಟೆ ಬ್ರಶ್ಶಿನಿಂದ ಅಕ್ಷರವನ್ನು ತುಂಬುವಾತನಿಗೆ ಕನ್ನಡವು ಒಡ್ಡುವ ಕಷ್ಟವು ರೋಮನ್ ಲಿಪಿಯವನಿಗೆ ಇಲ್ಲ. ಅಕ್ಷರವು ದಪ್ಪವಾದಂತೆ ಅದರ ಒಳಗಿನ ಬಯಲು ಕುಗ್ಗುತ್ತದೆ; ದಕಾರವನ್ನು ಧಕಾರವಾಗಿಸುವ, ಡಕಾರವನ್ನು ಢಕಾರವಾಗಿಸುವ ಬುಡದ ಸೀಳು ಮುಚ್ಚಿಹೋಗುತ್ತದೆ; ಠಕಾರದ ಹೊಟ್ಟೆಯ ಚುಕ್ಕೆಯು ಬಣ್ಣದಲ್ಲಿ ಮುಳುಗಿದರೆ ಅದು ರಕಾರವೇ ಆಗಿಬಿಡುತ್ತದೆ. ಒತ್ತಕ್ಷರಗಳು ಕೆಳಗಿನ ಗೆರೆಯನ್ನು ದಾಟಿ ಇಳಿಯುವುದರಿಂದ ಎರಡು ಸಾಲುಗಳ ನಡುವೆ ಸ್ಥಳವನ್ನು ಮೊದಲೇ ಕಾದಿರಿಸಬೇಕು. ಆದಕಾರಣ ಬಲ್ಲ ಪೇಂಟರನು ವೃತ್ತವನ್ನು ಮುರಿದು ಚೌಕವಾಗಿಸಿ, ಒಳಬಯಲನ್ನು ಅಗಲಿಸಿ, ಸೀಳನ್ನು ಬೆಣೆಯಾಕಾರದಲ್ಲಿ ಕಡಿದಂತೆ ತೆರೆದಿಡುತ್ತಿದ್ದನು. ಕೋನವು ಅವನಿಗೆ ಅಲಂಕಾರವಾಗಿರಲಿಲ್ಲ, ಓದಿನ ಸೌಕರ್ಯವಾಗಿತ್ತು.

ಫ್ಲೆಕ್ಸ್ ಬಂದ ಮೇಲೆ ಈ ಕಸಬು ಕ್ಷೀಣಿಸಿತು. ಗಣಕದ ಸಿದ್ಧಾಕ್ಷರವನ್ನು ಫಲಕದ ಅಳತೆಗೆ ಎಳೆದು ಹಿಗ್ಗಿಸುವಾಗ ಅಡ್ಡಗೆರೆಯ ದಪ್ಪಕ್ಕೂ ನಿಲುಗೆರೆಯ ದಪ್ಪಕ್ಕೂ ಹೊಂದಿಕೆ ತಪ್ಪುತ್ತದೆ. ಅದನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ಏಕೆಂದರೆ ಹಲಗೆಯು ಉದ್ದವಾದರೆ ಪೇಂಟರನು ಅಕ್ಷರವನ್ನು ಎಳೆಯುತ್ತಿರಲಿಲ್ಲ, ಆ ಉದ್ದಕ್ಕೆ ತಕ್ಕ ಅಕ್ಷರವನ್ನೇ ಹೊಸದಾಗಿ ರಚಿಸುತ್ತಿದ್ದನು.