ಕೆಟ್ಟರೂ ಕೈಬಿಡದ ಕಾರುಗಳು

ಅಂಬಾಸಡರ್ ಕಾರಿನಲ್ಲಿ ಹಾರನ್ ಒಂದನ್ನು ಬಿಟ್ಟು ಮಿಕ್ಕೆಲ್ಲ ಭಾಗಗಳೂ ಸದ್ದು ಮಾಡುತ್ತವೆ ಎಂಬುದು ಹಳೆಯ ನಗೆಮಾತು. ಹಾಗೆ ಹೇಳಿ ನಗುತ್ತಿದ್ದವರೇ ಅದೇ ಕಾರನ್ನು ಇಪ್ಪತ್ತು ಮೂವತ್ತು ವರ್ಷ ಓಡಿಸಿ, ಮಗನ ಕಾಲಕ್ಕೂ ಉಳಿಸುತ್ತಿದ್ದರು. ಸಂಬಳದ ದುಡ್ಡನ್ನೇ ನಂಬಿದವರೂ ಹಳೆಯ ಕಾರೊಂದನ್ನು ಸಾಕಲು ಸಾಧ್ಯವಾದದ್ದು ಹೇಗೆ? ಉತ್ತರದ ಅರ್ಧ ಸರ್ಕಾರದ ಕಡತಗಳಲ್ಲಿದೆ. ಇನ್ನರ್ಧ ಮರದ ನೆರಳಿನ ಗ್ಯಾರೇಜುಗಳಲ್ಲಿದೆ.

ಸ್ವಾತಂತ್ರ್ಯಕ್ಕೆ ಮುಂಚಿನ ಭಾರತದಲ್ಲಿ ಕಾರುಗಳ ಜೋಡಣೆಯಾಗುತ್ತಿತ್ತೇ ಹೊರತು ತಯಾರಿಕೆ ಇರಲಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಜೋಡಣೆ ಆರಂಭಿಸಿತು. ಬಿಡಿಭಾಗಗಳು ಹಡಗಿನಲ್ಲಿ ಬರುತ್ತಿದ್ದವು. ಕಾರು ಇಲ್ಲಿಯೇ ತಯಾರಾಗಬೇಕೆಂದು 1930ರ ದಶಕದಲ್ಲಿ ಪಟ್ಟು ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಮೂಲಕ ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯುವ ಪ್ರಯತ್ನವೂ ನಡೆಯಿತು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯದೆ ಅದು ಕೈಗೂಡಲಿಲ್ಲ. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲಿಯೂ ವಾಲ್‌ಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿಯೂ ಹುಟ್ಟಿದವು.

ಸ್ವತಂತ್ರ ಭಾರತದ ಸರ್ಕಾರ ಸಿದ್ಧ ಕಾರುಗಳ ಆಮದಿಗೆ ತಡೆ ಹಾಕಿತು. ಇಲ್ಲಿಯೇ ತಯಾರಿಸುವ ಯೋಜನೆ ಇಲ್ಲದ ಕಂಪೆನಿಗಳಿಗೆ ಜಾಗವಿಲ್ಲವೆಂದು 1953ರಲ್ಲಿ ಸುಂಕ ಆಯೋಗ ಹೇಳಿದ ಮೇಲೆ ಜನರಲ್ ಮೋಟಾರ್ಸ್ ಬಾಗಿಲು ಹಾಕಿತು. ಉಳಿದವು ಮುಖ್ಯವಾಗಿ ಮೂರು ಕಾರುಗಳು: ಕಲ್ಕತ್ತಾ ಬಳಿಯ ಉತ್ತರಪಾರಾದ ಅಂಬಾಸಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಎಷ್ಟು ಕಾರು ತಯಾರಿಸಬೇಕೆಂಬುದೂ ಲೈಸೆನ್ಸಿಗೆ ಒಳಪಟ್ಟಿತ್ತು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ಕಾಲದಲ್ಲಿ ಇದ್ದ ಕಾರನ್ನು ಎಸೆಯುವ ಮಾತೇ ಇರಲಿಲ್ಲ.

ಇಲ್ಲೊಂದು ವಿಚಿತ್ರ ಸಂಗತಿಯಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ 1957ರ ಸುಮಾರಿಗೆ ರೂಪುಗೊಂಡ ಅಂಬಾಸಡರ್, 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಹೊರನೋಟದಲ್ಲಿ ಹೆಚ್ಚು ಬದಲಾಗಲಿಲ್ಲ. ಫಿಯಟ್ 1100 ಕಾರು 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದರೂ ಒಳಗಿನ ಯಂತ್ರ ಹಳೆಯದೇ. ಸ್ಪರ್ಧೆ ಇಲ್ಲದ ಕಾರಣ ಕಾರುಗಳು ಸುಧಾರಿಸಲಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೆ ಬದಲಾಗದ ಕಾರಿಗೆ ಬಿಡಿಭಾಗ ಎಲ್ಲೆಡೆ ಸಿಗುತ್ತದೆ; ಒಮ್ಮೆ ಕಲಿತ ವಿದ್ಯೆ ಜೀವಮಾನವಿಡೀ ಅನ್ನ ಹಾಕುತ್ತದೆ. ಗ್ರಾಹಕನಿಗೆ ಶಾಪವಾದದ್ದು ಮೆಕ್ಯಾನಿಕ್‌ಗೆ ವರವಾಯಿತು.

ಕಣ್ಣು, ಕಿವಿ, ಮೂಗು

ಪೆಟ್ರೋಲ್ ಇಂಜಿನ್ ಓಡಲು ಸರಿಯಾದ ಹದದ ಗಾಳಿ-ಪೆಟ್ರೋಲ್ ಮಿಶ್ರಣ, ಸರಿಯಾದ ಹೊತ್ತಿಗೆ ಕಿಡಿ, ಸಿಲಿಂಡರಿನೊಳಗೆ ಸಾಕಷ್ಟು ಒತ್ತಡ ಬೇಕು. ಅನುಭವಿ ಮೆಕ್ಯಾನಿಕ್ ಈ ಮೂರನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ. ಕಡಿಮೆ ಖರ್ಚಿನ ಕಾರಣವನ್ನು ಮೊದಲು ನೋಡಬೇಕು, ಇಂಜಿನ್ ಬಿಚ್ಚುವ ಮಾತು ಕೊನೆಗೆ ಎಂಬುದು ಅವನ ನಿಯಮ.

ಕಾರು ಸ್ಟಾರ್ಟ್ ಆಗದಿದ್ದರೆ ಮೊದಲು ಪ್ಲಗ್ಗಿನ ವೈರು ಕಳಚಿ, ತುದಿಯನ್ನು ಇಂಜಿನ್ನಿನ ಲೋಹಕ್ಕೆ ಹತ್ತಿರ ಹಿಡಿಯುವುದು. ನೀಲಿ ಕಿಡಿ ಚಟಪಟನೆ ಹಾರಿದರೆ ವಿದ್ಯುತ್ತಿನ ದೋಷವಿಲ್ಲ. ಹಳದಿಯಾಗಿ ಮಂಕಾಗಿದ್ದರೆ ಡಿಸ್ಟ್ರಿಬ್ಯೂಟರಿನೊಳಗಿನ ‘ಪಾಯಿಂಟ್’ ಅಥವಾ ಕಂಡೆನ್ಸರ್ ಕೆಟ್ಟಿರಬೇಕು. ಅಂಬಾಸಡರಿನಲ್ಲಿ ಪಾಯಿಂಟ್‌ಗಳ ನಡುವಿನ ಸಂದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಳತೆಪಟ್ಟಿ ಇಲ್ಲದಿದ್ದರೆ ದಪ್ಪ ಕಾಗದದ ಚೂರೂ ನಡೆಯುತ್ತಿತ್ತು. ಉಪ್ಪುಕಾಗದದಿಂದ ಉಜ್ಜಿದರೆ ಹಲವು ಕಾರುಗಳು ಅಲ್ಲೇ ಹೊರಡುತ್ತಿದ್ದವು.

ಬಿಚ್ಚಿದ ಪ್ಲಗ್ ಜಾತಕವಿದ್ದಂತೆ. ತುದಿ ಒಣಗಿ ತಿಳಿಗಂದು ಬಣ್ಣಕ್ಕಿದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಕಾರ್ಬುರೇಟರ್ ನೋಡಬೇಕು. ಎಣ್ಣೆ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಹೊಗೆಯದೂ ಇದೇ ಕಥೆ: ಕಪ್ಪು ಹೊಗೆ ಪೆಟ್ರೋಲಿನದು, ನೀಲಿ ಹೊಗೆ ಎಣ್ಣೆಯದು. ಇಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ನೀರು ಒಳಗೆ ಸೋರುತ್ತಿದೆ ಎಂಬುದರ ಸೂಚನೆ.

ನಾಲ್ಕು ಸಿಲಿಂಡರುಗಳಲ್ಲಿ ಕೆಟ್ಟದ್ದು ಯಾವುದು? ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪ್ಲಗ್ಗಿನ ವೈರು ತೆಗೆಯಬೇಕು. ತೆಗೆದೊಡನೆ ಇಂಜಿನ್ ಮುಗ್ಗರಿಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತೆಂದು ಅರ್ಥ. ಯಾವುದನ್ನು ತೆಗೆದರೂ ತೆಗೆಯದಿದ್ದರೂ ಸದ್ದು ಒಂದೇ ಆಗಿರುತ್ತದೆಯೋ ಅದೇ ರೋಗಿ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿದರೆ ಅದೇ ಸ್ಟೆತಾಸ್ಕೋಪು: ಟಪೆಟ್ಟಿನ ಹಗುರ ‘ಟಿಕ್ ಟಿಕ್’ ಬೇರೆ, ಬೇರಿಂಗಿನ ಭಾರದ ಕುಟ್ಟು ಬೇರೆ. ಮೊದಲನೆಯದಕ್ಕೆ ಅರ್ಧ ಗಂಟೆಯ ಕೆಲಸ. ಎರಡನೆಯದಕ್ಕೆ ತಿಂಗಳ ಸಂಬಳ.

ಇಂಜಿನ್ನಿನ ಮರುಜನ್ಮ

ದೊಡ್ಡ ರೋಗಕ್ಕೂ ಮದ್ದಿತ್ತು. ಪಿಸ್ಟನ್ ಓಡಾಡಿ ಸಿಲಿಂಡರ್ ಸವೆದಾಗ ಅದರ ಗೋಡೆಯನ್ನು ಯಂತ್ರದಲ್ಲಿ ತುಸು ಕೊರೆದು, ಅಷ್ಟೇ ದಪ್ಪನೆಯ ಹೊಸ ಪಿಸ್ಟನ್ ಕೂರಿಸುತ್ತಿದ್ದರು. ಇದೇ ‘ಬೋರ್ ಮಾಡಿಸುವುದು’. ಅಂಗಡಿಯಲ್ಲಿ ಪಿಸ್ಟನ್‌ಗಳು ಅಂಗುಲದ ಸಾವಿರದ ಒಂದು ಭಾಗದ ಲೆಕ್ಕದಲ್ಲಿ, ಇಪ್ಪತ್ತು, ನಲವತ್ತು ಎಂಬ ಅಳತೆಯಲ್ಲಿ ದೊರೆಯುತ್ತಿದ್ದವು. ಇನ್ನು ಕೊರೆಯಲಾಗದು ಎಂಬ ಹಂತ ಬಂದಾಗ ಒಳಗೊಂದು ಕೊಳವೆ ತೂರಿಸಿ ಮೊದಲಿನ ಅಳತೆಗೇ ಮರಳುವುದು. ಹೀಗೆ ಒಂದೇ ಇಂಜಿನ್ನಿಗೆ ಮೂರು ನಾಲ್ಕು ಜನ್ಮ.

ಬಿಡಿಭಾಗಗಳಿಗೆ ಬೇರೆಯೇ ಮಾರುಕಟ್ಟೆಗಳು ಬೆಳೆದವು. ಕಲ್ಕತ್ತಾದ ಮಲ್ಲಿಕ್ ಬಜಾರ್, ದೆಹಲಿಯ ಮಾಯಾಪುರಿ, ಮದರಾಸಿನ ಪುದುಪೇಟೆ ಹಳೆಯ ವಾಹನಗಳ ಅಂಗಾಂಗಗಳಿಗೆ ಹೆಸರಾದವು. ಬೆಂಗಳೂರಿನವರಿಗೆ ಹೊಸ ಭಾಗಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ. 1950ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿದ ಮೈಕೋ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗುಗಳು ದೇಶದ ಎಲ್ಲೆಡೆ ಮಾರಾಟವಾದವು. ಒರಿಜಿನಲ್, ಡೂಪ್ಲಿಕೇಟ್, ಸೆಕೆಂಡ್‌ಹ್ಯಾಂಡ್ ಎಂಬ ಮೂರು ದರಗಳಲ್ಲಿ ಯಾವುದನ್ನು ಆರಿಸಬೇಕೆಂಬುದೇ ಮಾಲೀಕನ ಪಾಲಿನ ಲೆಕ್ಕ. ಬಾಗಿಲ ಹಿಡಿಗೆ ಗುಜರಿಯದು ಸಾಕು; ಬ್ರೇಕಿನ ರಬ್ಬರ್ ವಾಷರಿಗೆ ಸಾಲದು. ಈ ವಿವೇಕ ಎಲ್ಲರಿಗೂ ಇರಲಿಲ್ಲ. ಅಲ್ಲಿ ಉಳಿಸಿದ ನಾಲ್ಕು ಕಾಸಿಗೆ ಘಾಟಿಯಲ್ಲಿ ಜೀವದ ಬೆಲೆ ತೆರಬೇಕಾಗಬಹುದು.

ಅಗ್ಗದ ದುರಸ್ತಿಯ ನಿಜವಾದ ಬೆಲೆಯನ್ನು ಬೇರೆಯವರೂ ತೆತ್ತಿದ್ದಾರೆ. ಈ ವಿದ್ಯೆ ಪಾಠಶಾಲೆಯಲ್ಲಿ ಬೆಳೆದದ್ದಲ್ಲ. ಓದು ಬಿಟ್ಟ ಹುಡುಗರು ಗ್ಯಾರೇಜು ಸೇರಿ, ಚಹಾ ತಂದುಕೊಟ್ಟು, ಸ್ಪ್ಯಾನರ್ ಎತ್ತಿಕೊಟ್ಟು, ಬೈಗುಳ ತಿಂದು ಕಲಿತರು. ಅಂಬಾಸಡರಿಗೆ ಅಂಗುಲದ ಸ್ಪ್ಯಾನರ್, ಫಿಯಟ್ಟಿಗೆ ಮಿಲಿಮೀಟರಿನದು ಎಂಬುದು ಅವರ ಮೊದಲ ಪಾಠ. ಬ್ರೇಕ್ ಡ್ರಮ್ಮಿನ ಧೂಳನ್ನು ಅವರು ಊದಿ ತೆಗೆಯುತ್ತಿದ್ದರು. ಆಗಿನ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಕೈಯ ಗ್ರೀಸನ್ನು ಪೆಟ್ರೋಲಿನಿಂದ ತೊಳೆಯುತ್ತಿದ್ದರು. 2000ದಲ್ಲಿ ನಿಷೇಧವಾಗುವವರೆಗೂ ಅದರಲ್ಲಿ ಸೀಸ ಬೆರೆತಿರುತ್ತಿತ್ತು. ಎರಡೂ ದೇಹಕ್ಕೆ ವಿಷ. ಕಾರಿನ ಆಯುಸ್ಸು ಹೆಚ್ಚಿಸಿದವರ ಆಯುಸ್ಸಿನ ಲೆಕ್ಕ ಇಟ್ಟವರಿಲ್ಲ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಈ ಲೋಕವನ್ನು ಅಲುಗಿಸಿತು. 1990ರ ದಶಕದ ಉದಾರೀಕರಣ ಹತ್ತಾರು ಮಾದರಿಗಳನ್ನು ತಂದಿತು. ಮುಂದೆ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರ್, ಪಾಯಿಂಟ್‌ಗಳ ಜಾಗಕ್ಕೆ ಕಂಪ್ಯೂಟರ್ ಬಂತು. ಗಾಳಿ ಎಷ್ಟೋ ಶುದ್ಧವಾಗಲು, ಪೆಟ್ರೋಲ್ ಉಳಿಯಲು ಇದು ಅಗತ್ಯವಾಗಿತ್ತು. ಆದರೆ ರೋಗ ಹೇಳುವ ಅಧಿಕಾರ ಕಿವಿಯಿಂದ ಯಂತ್ರಕ್ಕೆ ಹೋಯಿತು. ಆ ಯಂತ್ರದ ಕೀಲಿಕೈ ಬಹುಪಾಲು ಕಂಪೆನಿಯ ಕೈಯಲ್ಲಿ ಉಳಿಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಇಪ್ಪತ್ತು ವರ್ಷದ ಅವಧಿ ಮುಗಿಸಿ ರಸ್ತೆಯಿಂದ ಇಳಿಯಿತು.

ಕೊಂಡ ವಸ್ತುವನ್ನು ತಮಗೆ ಬೇಕಾದಲ್ಲಿ ದುರಸ್ತಿ ಮಾಡಿಸಿಕೊಳ್ಳುವ ಹಕ್ಕು ಗ್ರಾಹಕರಿಗಿರಬೇಕೆಂಬ ಮಾತು ಈಗ ಜಗತ್ತಿನೆಲ್ಲೆಡೆ ಕೇಳುತ್ತಿದೆ. ಭಾರತ ಸರ್ಕಾರವೂ 2022ರಲ್ಲಿ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿತು; ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ಇಂದು ಕೇಳಿ ಪಡೆಯಬೇಕಾಗಿರುವ ಆ ಹಕ್ಕು, ಅಂಬಾಸಡರಿನ ಕಾಲದಲ್ಲಿ ಯಾರೂ ಕೇಳದೆಯೇ ಇತ್ತು. ಅಂದಿನ ಕೊರತೆ ಮತ್ತೆ ಬರಬೇಕೆಂದು ಯಾರೂ ಬಯಸಲಾರರು. ಆದರೆ ಆ ಕೊರತೆ ಕಲಿಸಿದ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ. ಅದು ಇರುವುದು ಈಗ ವಯಸ್ಸಾದ ಕೆಲವು ಕೈಗಳಲ್ಲಿ ಮಾತ್ರ.