ಮೂಗಿನೊಳಗೆ ಬಲೂನು: ಸೈನಸ್ ತೊಂದರೆಗೊಂದು ವಿವಾದಾತ್ಮಕ ಚಿಕಿತ್ಸೆ

ಸದಾ ಕಟ್ಟಿಕೊಂಡಿರುವ ಮೂಗು, ಹಣೆಯಲ್ಲಿ ಭಾರ, ಕೆನ್ನೆಯ ಮೂಳೆಯ ಸುತ್ತ ನೋವು, ರಾತ್ರಿಯಿಡೀ ಬಾಯಿಯಿಂದ ಉಸಿರಾಟ. ಇಂಥ ತೊಂದರೆಗಳು ವರ್ಷಗಟ್ಟಲೆ ಕಾಡಿದಾಗ ರೋಗಿಯು ಔಷಧಗಳಿಂದ ಬೇಸತ್ತು ಪರ್ಯಾಯ ಚಿಕಿತ್ಸೆಗಳತ್ತ ಹೊರಳುವುದು ಸಹಜ. ಅಮೆರಿಕದಲ್ಲಿ ಇಂಥವರನ್ನು ಆಕರ್ಷಿಸಿದ ಚಿಕಿತ್ಸೆಗಳಲ್ಲಿ ಮೂಗಿನ ಹೊಳ್ಳೆಯೊಳಗೆ ಪುಟ್ಟ ಬಲೂನನ್ನು ಉಬ್ಬಿಸುವ ವಿಧಾನವೂ ಒಂದು. 'ಬೈಲ್ಯಾಟರಲ್ ನೇಸಲ್ ಸ್ಪೆಸಿಫಿಕ್' ಎಂಬುದು ಇದರ ಒಂದು ಹೆಸರು; 'ನ್ಯೂರೋಕ್ರೇನಿಯಲ್ ರೀಸ್ಟ್ರಕ್ಚರಿಂಗ್' ಎಂಬುದು ಇದರಿಂದಲೇ ಬೆಳೆದ ಮತ್ತೊಂದು ಪದ್ಧತಿಯ ಹೆಸರು.

ಮಾಡುವ ಬಗೆ

ಬೆರಳಿಗೆ ತೊಡಿಸುವ ತೆಳುವಾದ ರಬ್ಬರ್ ಕವಚವನ್ನು, ರಕ್ತದೊತ್ತಡ ಅಳೆಯುವ ಉಪಕರಣದಲ್ಲಿರುವಂಥ ಗಾಳಿಯ ಬುರುಡೆಯ ತುದಿಗೆ ಬಿಗಿಯಾಗಿ ಕಟ್ಟಲಾಗುತ್ತದೆ. ಕವಚಕ್ಕೆ ಜಾರುವ ಲೇಪ ಹಚ್ಚಿ, ಅದನ್ನು ಮೂಗಿನ ಒಂದು ಹೊಳ್ಳೆಯೊಳಗೆ ನಿಧಾನವಾಗಿ ತೂರಿಸಲಾಗುತ್ತದೆ. ಬಳಿಕ ಬುರುಡೆಯನ್ನು ಒತ್ತಿದಾಗ ಕವಚವು ಕ್ಷಣಕಾಲ ಬಲೂನಿನಂತೆ ಉಬ್ಬಿ ಮೂಗಿನ ಒಳದಾರಿಯನ್ನು ಅಗಲಿಸುತ್ತದೆ. ಇದನ್ನು ಎರಡೂ ಬದಿಗಳಲ್ಲಿ, ಬೇರೆ ಬೇರೆ ಒಳದಾರಿಗಳಲ್ಲಿ ಪುನರಾವರ್ತಿಸಲಾಗುತ್ತದೆ. ಆ ಹೊತ್ತಿನಲ್ಲಿ ಮುಖದ ಮೇಲೆ ತೀವ್ರ ಒತ್ತಡ, ಕಣ್ಣೀರು, ಕೆಲವೊಮ್ಮೆ 'ಲಟಕ್' ಎಂಬ ಸದ್ದು ಅನುಭವಕ್ಕೆ ಬರುವುದುಂಟು.

ಇದರಿಂದ ತಲೆಬುರುಡೆಯ ಮೂಳೆಗಳು ಸ್ಥಾನ ಸರಿಪಡಿಸಿಕೊಳ್ಳುತ್ತವೆ ಎಂಬುದು ಚಿಕಿತ್ಸಕರ ವಾದ. ಸೈನಸ್ ಸೋಂಕು, ಗೊರಕೆ, ತಲೆನೋವು, ಮೂಗಿನ ನಡುಗೋಡೆಯ ಸೊಟ್ಟ, ಮುಖದ ಎರಡು ಬದಿಗಳ ಅಸಮತೆ ಎಲ್ಲದಕ್ಕೂ ಇದು ಪರಿಹಾರ ಎಂದು ಪ್ರಚಾರ ಮಾಡಲಾಗಿದೆ.

ಹಿನ್ನೆಲೆ

ಈ ಚಿಂತನೆಯ ಬೇರುಗಳನ್ನು ಆಸ್ಟಿಯೋಪಥಿಯಲ್ಲಿ ಕಾಣಬಹುದು. ಆಂಡ್ರ್ಯೂ ಟೇಲರ್ ಸ್ಟಿಲ್ ಅವರು 1892ರಲ್ಲಿ ಅಮೆರಿಕದ ಮಿಸ್ಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಆಸ್ಟಿಯೋಪಥಿ ಶಾಲೆಯನ್ನು ಆರಂಭಿಸಿದರು. ಅಲ್ಲಿ ಕಲಿತ ವಿಲಿಯಂ ಗಾರ್ನರ್ ಸದರ್‌ಲ್ಯಾಂಡ್ (1873-1954) ಬಿಡಿಬಿಡಿಯಾಗಿಸಿದ ತಲೆಬುರುಡೆಯನ್ನು ನೋಡಿ, ಅದರ ಮೂಳೆಗಳ ಓರೆಯಾದ ಅಂಚುಗಳು ಮೀನಿನ ಕಿವಿರುಗಳಂತಿವೆ, ಆದ್ದರಿಂದ ಅವು ಚಲಿಸುತ್ತಿರಬೇಕು ಎಂದು ತರ್ಕಿಸಿದರು. 1939ರಲ್ಲಿ ಅವರು ತಮ್ಮ ಸಿದ್ಧಾಂತವನ್ನು 'ದಿ ಕ್ರೇನಿಯಲ್ ಬೌಲ್' ಎಂಬ ಪುಸ್ತಕದಲ್ಲಿ ಪ್ರಕಟಿಸಿದರು. ಮುಂದೆ ಜಾನ್ ಅಪ್ಲೆಜರ್ ಇದನ್ನು 'ಕ್ರೇನಿಯೋಸೇಕ್ರಲ್ ಥೆರಪಿ'ಯಾಗಿ ಜನಪ್ರಿಯಗೊಳಿಸಿದರು. ಇವೆರಡೂ ತಲೆಯನ್ನು ಬೆರಳ ತುದಿಯಿಂದ ಹಗುರವಾಗಿ ಸ್ಪರ್ಶಿಸುವ ಪದ್ಧತಿಗಳು.

ಬಲೂನಿನ ವಿಧಾನ ಹಾಗಲ್ಲ. ಇಲ್ಲಿ ಬಲಪ್ರಯೋಗವೇ ಮುಖ್ಯ. ಇದನ್ನು ರೂಢಿಗೆ ತಂದವರಲ್ಲಿ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ ಜೆ. ರಿಚರ್ಡ್ ಸ್ಟೋಬರ್ ಪ್ರಮುಖರು. ಅದನ್ನು ವಿಸ್ತರಿಸಿ 'ನ್ಯೂರೋಕ್ರೇನಿಯಲ್ ರೀಸ್ಟ್ರಕ್ಚರಿಂಗ್' ಎಂದು ಹೆಸರಿಸಿದವರು ವಾಷಿಂಗ್ಟನ್ ರಾಜ್ಯದ ಪ್ರಕೃತಿ ಚಿಕಿತ್ಸಕ ಡೀನ್ ಹೋವೆಲ್.

ಶರೀರಶಾಸ್ತ್ರ ಏನೆನ್ನುತ್ತದೆ?

ಮನುಷ್ಯನ ತಲೆಬುರುಡೆಯಲ್ಲಿ ಒಟ್ಟು 22 ಮೂಳೆಗಳಿವೆ: ಮಿದುಳನ್ನು ಆವರಿಸಿದವು 8, ಮುಖದವು 14. ಕೆಳದವಡೆಯೊಂದನ್ನು ಬಿಟ್ಟರೆ ಉಳಿದವು ಹೊಲಿಗೆಯಂಥ ಸಂಧಿಗಳಿಂದ ಪರಸ್ಪರ ಬಿಗಿದುಕೊಂಡಿವೆ. ಹಸುಳೆಯಲ್ಲಿ ಈ ಸಂಧಿಗಳು ಸಡಿಲವಾಗಿರುತ್ತವೆ. ವಯಸ್ಸಾದಂತೆ ಗಟ್ಟಿಯಾಗುತ್ತ ಹೋಗುತ್ತವೆ. ತಲೆಬುರುಡೆಯ ತಳದಲ್ಲಿ ಚಿಟ್ಟೆಯಾಕಾರದ ಸ್ಫೀನಾಯ್ಡ್ ಮೂಳೆಯು ಹಿಂದಲೆಯ ಮೂಳೆಯೊಂದಿಗೆ ಹದಿಹರೆಯ ಮುಗಿಯುವ ಹೊತ್ತಿಗೆ ಬೆಸೆದುಹೋಗಿರುತ್ತದೆ. ಮೂಗಿನಲ್ಲಿ ಕ್ಷಣಕಾಲ ಉಬ್ಬುವ ಬಲೂನು ಇದನ್ನು ಕದಲಿಸಿ ಹೊಸ ಸ್ಥಾನದಲ್ಲಿ ನಿಲ್ಲಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಹಾಗಾದರೆ ಉಸಿರಾಟ ಸರಾಗವಾಯಿತೆಂದು ಕೆಲವರು ಹೇಳುವುದೇಕೆ? ಮೂಗಿನ ಪಕ್ಕದ ಗೋಡೆಗಳಲ್ಲಿ ಟರ್ಬಿನೇಟ್ ಎಂಬ ಸುರುಳಿಯಾಕಾರದ ತೆಳು ಮೂಳೆಗಳಿದ್ದು, ಅವುಗಳ ಮೇಲಿನ ಲೋಳೆಪೊರೆ ಊದಿಕೊಂಡಾಗ ಮೂಗು ಕಟ್ಟುತ್ತದೆ. ಬಲೂನಿನ ಒತ್ತಡಕ್ಕೆ ಇವು ಪಕ್ಕಕ್ಕೆ ಸರಿದು ಗಾಳಿಗೆ ತಾತ್ಕಾಲಿಕವಾಗಿ ದಾರಿಯಾಗುವ ಸಾಧ್ಯತೆಯಿದೆ. ಆದರೆ ಈ ಚಿಕಿತ್ಸೆಯು ಸೈನಸ್ ರೋಗವನ್ನು ಗುಣಪಡಿಸುತ್ತದೆ ಎಂಬುದನ್ನು ವಿಶ್ವಾಸಾರ್ಹ ನಿಯಂತ್ರಿತ ಅಧ್ಯಯನಗಳು ದೃಢಪಡಿಸಿಲ್ಲ.

ಅಪಾಯಗಳು

ಮೂಗಿನ ಒಳಭಾಗದಲ್ಲಿ ರಕ್ತನಾಳಗಳು ದಟ್ಟವಾಗಿವೆ; ಅಲ್ಲಿನ ಮೂಳೆಗಳು ತೀರಾ ತೆಳು. ಮೂಗಿನ ಮಾಡಿಗೂ ಮಿದುಳಿಗೂ ನಡುವೆ ಇರುವುದು ಜರಡಿಯಂಥ ಒಂದು ತೆಳು ಮೂಳೆ ಮಾತ್ರ. ಹೀಗಾಗಿ ಕುರುಡು ಒತ್ತಡದಿಂದ ರಕ್ತಸ್ರಾವ, ಮೂಳೆ ಮುರಿತ, ಲೋಳೆಪೊರೆಗೆ ಗಾಯ ಆಗಬಹುದು. ಕಟ್ಟಿದ ಕವಚ ಕಳಚಿಕೊಂಡು ಶ್ವಾಸನಾಳಕ್ಕೆ ಜಾರಿದರೆ ಪ್ರಾಣಕ್ಕೇ ಸಂಚಕಾರ. ಮಕ್ಕಳ ವಿಷಯದಲ್ಲಂತೂ ಈ ಭೀತಿ ಇನ್ನೂ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಮೂಳೆ ಸವೆತ ಇರುವವರು, ಮೂಗಿನ ಶಸ್ತ್ರಚಿಕಿತ್ಸೆ ಆದವರು ಹಾಗೂ ರಬ್ಬರ್ ಅಲರ್ಜಿ ಉಳ್ಳವರಿಗೆ ಅಪಾಯ ಅಧಿಕ.

ಹೆಸರಿನ ಗೊಂದಲ ಬೇಡ

ಆಸ್ಪತ್ರೆಗಳಲ್ಲಿ ಮಾಡುವ 'ಬಲೂನ್ ಸೈನುಪ್ಲಾಸ್ಟಿ' ಇದಕ್ಕಿಂತ ತೀರಾ ಭಿನ್ನವಾದುದು. ಅಮೆರಿಕದಲ್ಲಿ 2005ರಲ್ಲಿ ಅನುಮತಿ ಪಡೆದ ಆ ವಿಧಾನದಲ್ಲಿ ಕಿವಿ-ಮೂಗು-ಗಂಟಲು ತಜ್ಞರು ಸಿಟಿ ಸ್ಕ್ಯಾನ್ ಪರಿಶೀಲಿಸಿ, ಅರಿವಳಿಕೆ ನೀಡಿ, ತೆಳು ನಳಿಕೆಯ ಮೂಲಕ ಸಣ್ಣ ಬಲೂನನ್ನು ಸೈನಸ್ಸಿನ ಬಾಯಿಗೇ ಒಯ್ದು ಅದನ್ನು ಹಿಗ್ಗಿಸುತ್ತಾರೆ. ಅದು ಕೂಡ ಎಲ್ಲ ರೋಗಿಗಳಿಗೂ ಸಲ್ಲುವುದಲ್ಲ.

ಅಂತೆಯೇ ನಮ್ಮ ಯೋಗ ಪರಂಪರೆಯ ಜಲನೇತಿಗೂ ಇದಕ್ಕೂ ಸಂಬಂಧವಿಲ್ಲ. ಹದವಾದ ಉಪ್ಪುನೀರಿನಿಂದ ಮೂಗು ತೊಳೆಯುವ ಕ್ರಮವನ್ನು ಆಧುನಿಕ ವೈದ್ಯರೂ ಶಿಫಾರಸು ಮಾಡುತ್ತಾರೆ. ಆದರೆ ನಲ್ಲಿ ನೀರನ್ನು ನೇರವಾಗಿ ಬಳಸಕೂಡದು. ಕುದಿಸಿ ಆರಿಸಿದ ನೀರೇ ಆಗಬೇಕು. ನೀರಿನಲ್ಲಿರಬಹುದಾದ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳು ತಲುಪಿದರೆ ಬದುಕುಳಿಯುವುದು ವಿರಳ.

ರೋಗಿಗಳು ಗಮನಿಸಬೇಕಾದುದು

ನೆಗಡಿಯೊಂದಿಗೆ ಬರುವ ಸೈನಸ್ ಉರಿಯೂತ ಬಹುಪಾಲು ವೈರಸ್‌ನಿಂದ ಬರುವಂಥದು. ಸಾಮಾನ್ಯವಾಗಿ ಹತ್ತು ದಿನಗಳೊಳಗೆ ತಗ್ಗುತ್ತದೆ. 12 ವಾರ ಮೀರಿದರೆ ಅದನ್ನು ದೀರ್ಘಕಾಲಿಕ ಎಂದು ಪರಿಗಣಿಸಲಾಗುತ್ತದೆ. ಆಗ ಅಲರ್ಜಿ, ಮೂಗಿನೊಳಗಿನ ಪಾಲಿಪ್ ಗಡ್ಡೆ, ನಡುಗೋಡೆಯ ಸೊಟ್ಟ, ಶಿಲೀಂಧ್ರ ಸೋಂಕು ಅಥವಾ ಹಲ್ಲಿನ ಬೇರಿನ ಸೋಂಕು ಕಾರಣವೇ ಎಂದು ಪರೀಕ್ಷಿಸಬೇಕು. ಉಪ್ಪುನೀರಿನ ತೊಳೆತ, ಸ್ಟೀರಾಯ್ಡ್ ನೇಸಲ್ ಸ್ಪ್ರೇ, ಅಲರ್ಜಿಗೆ ಔಷಧ, ಅಗತ್ಯಬಿದ್ದರೆ ಎಂಡೋಸ್ಕೋಪ್ ಶಸ್ತ್ರಚಿಕಿತ್ಸೆ, ಇವು ಪ್ರಚಲಿತ ಕ್ರಮಗಳು. ಜೋರು ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ ನಿದ್ರೆಯ ಪರೀಕ್ಷೆ ಅಗತ್ಯ.

ಕಣ್ಣಿನ ಸುತ್ತ ಊತ, ಒಂದು ವಸ್ತು ಎರಡಾಗಿ ಕಾಣುವುದು, ತೀವ್ರ ಜ್ವರದೊಂದಿಗೆ ಕತ್ತು ಬಿಗಿತ, ಮೂಗಿನ ಒಂದೇ ಬದಿಯಿಂದ ಮತ್ತೆ ಮತ್ತೆ ರಕ್ತ ಬರುವುದು, ಇವುಗಳಲ್ಲಿ ಯಾವುದೇ ಲಕ್ಷಣ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪರ್ಯಾಯ ಚಿಕಿತ್ಸೆಗಳಲ್ಲಿ ಕಾಲ ಕಳೆಯುವುದರಿಂದ ಆಗುವ ನಷ್ಟವು ಹಣದ್ದಷ್ಟೇ ಅಲ್ಲ. ಸೋಂಕು ಕಣ್ಣಿಗೋ ಮಿದುಳಿಗೋ ಹಬ್ಬುವುದನ್ನು ತಡೆಯುವ ಅವಕಾಶವೂ ಕೈತಪ್ಪಬಹುದು. ಯಾವುದೇ ಚಿಕಿತ್ಸಕರು ಮೂಗಿನೊಳಗೆ ಉಪಕರಣ ಹಾಕುವ ಮುನ್ನ ಅವರ ವೈದ್ಯಕೀಯ ನೋಂದಣಿ, ಚಿಕಿತ್ಸೆಯ ಪುರಾವೆ, ತುರ್ತು ಸಂದರ್ಭಕ್ಕೆ ಇರುವ ವ್ಯವಸ್ಥೆ ಈ ಮೂರನ್ನೂ ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು.