ಶರಾವತಿ ಸರಣಿ, ಭಾಗ 4: ಒತ್ತಡ ತಡೆಯೋ ವಾಲ್ವ್

1/6
ಜೋಗಕ್ಕೆ ಹೋದ್ರೆ ನಾವೆಲ್ಲ ಫೋಟೋ ತೆಗೆಯೋದು ಕಣ್ಣೆದುರು ಬೀಳೋ ನೀರಿಂದು. ಇವತ್ತು ಪೈಪಿನೊಳಗೆ ಬೀಳೋ ನೀರಿನ ಕಥೆ.

ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ ಸಾಗರದ ಕಡೆ ಬರೋ ಈ ನದಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅಲ್ಲಿಂದ ನೀರು ತಳಕಳಲೆಗೆ, ಆಮೇಲೆ ಉಕ್ಕಿನ ಪೆನ್‌ಸ್ಟಾಕ್ ಪೈಪುಗಳಲ್ಲಿ ಸುಮಾರು 440 ಮೀಟರ್ ಕೆಳಕ್ಕೆ. ಅಲ್ಲಿ 10 ಯಂತ್ರ, 1035 ಮೆಗಾವ್ಯಾಟ್.

2/6
ನಾನು ಬಿಕಾಂ, ಹಾಗಾಗಿ ಲೆಕ್ಕ ಬಿಡಲ್ಲ. ಪ್ರತಿ 10 ಮೀಟರ್ ನೀರಿನ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ. 440 ಮೀಟರಿಗೆ 44 ಕೆಜಿ. ನಿಮ್ಮ ಉಗುರಿನಷ್ಟು ಜಾಗದ ಮೇಲೆ ಹೆಚ್ಚುಕಮ್ಮಿ ಒಂದು ಅಕ್ಕಿ ಮೂಟೆ! ಯಂತ್ರ ರಿಪೇರಿಗೆ ನಿಲ್ಲಿಸಿದಾಗ ಇಷ್ಟನ್ನೂ ತಡೆದು ನಿಲ್ಲೋದು ಒಂದು ಮುಚ್ಚಿದ ವಾಲ್ವ್. ಅದರಾಚೆ ಕೆಲಸ ಮಾಡ್ತಿರೋರು ಮನುಷ್ಯರು.

3/6
ಹಾಗಾದ್ರೆ ವಾಲ್ವ್‌ನ ನಂಬೋದು ಹೇಗೆ? ಆಡಿಟ್ ಮಾಡಿ. ಕೈಗಾರಿಕಾ ವಾಲ್ವ್‌ಗಳಿಗೆ ಸಾಮಾನ್ಯ ನಿಯಮ ಹೀಗಿದೆ: ಒಳಗಿನ ಗಾಳಿಯನ್ನೆಲ್ಲ ಹೊರಹಾಕಿ ನೀರು ತುಂಬಿ, ಅದು ತಾಳಬೇಕಾದ ಒತ್ತಡದ 1.5 ಪಟ್ಟು ಕೊಟ್ಟು ಕಾಯ್ತಾರೆ. ಹೊರಮೈ ಒದ್ದೆ ಆಗಬಾರದು. ಆಮೇಲೆ ವಾಲ್ವ್ ಮುಚ್ಚಿ 1.1 ಪಟ್ಟು ಕೊಟ್ಟು ಸೋರಿಕೆ ನೋಡ್ತಾರೆ.

ಗಾಳಿ ಯಾಕೆ ಬೇಡ? ಒತ್ತಿದ ಗಾಳಿ ಸ್ಪ್ರಿಂಗ್ ಇದ್ದ ಹಾಗೆ, ಒಡೆದ್ರೆ ಬಾಂಬ್. ನೀರು ಅಷ್ಟಾಗಿ ಕುಗ್ಗಲ್ಲ. ಬಿರುಕು ಬಿಟ್ರೆ ಒತ್ತಡ ತಟ್ಟನೆ ಇಳಿಯುತ್ತೆ.

4/6
ಮಂಗಳೂರಿನ ಎಂಆರ್‌ಪಿಎಲ್‌ನಂಥ ತೈಲ ಶುದ್ಧೀಕರಣಾಗಾರಗಳಲ್ಲಿ ಒತ್ತಡದ ಜೊತೆ ಬಿಸಿಯೂ ಇರುತ್ತೆ. ಅಂಥ ಕಡೆ ಬಳಸೋದು ರಿಂಗ್ ಜಾಯಿಂಟ್ ಫ್ಲೇಂಜ್. ಎರಡೂ ಫ್ಲೇಂಜಿನಲ್ಲಿ ಗಾಡಿ, ಅಂದ್ರೆ ವೃತ್ತಾಕಾರದ ತೋಡು. ನಡುವೆ ಲೋಹದ ಉಂಗುರ. ಬೋಲ್ಟ್ ಬಿಗಿದ್ರೆ ಉಂಗುರ ತೋಡಿಗೆ ಅಪ್ಪಚ್ಚಿಯಾಗಿ ಕೂರುತ್ತೆ. ಉಂಗುರ ಫ್ಲೇಂಜಿಗಿಂತ ಮೆದು ಇರಬೇಕು, ಇಲ್ಲಾಂದ್ರೆ ಟೆಸ್ಟಲ್ಲೇ ತೋಡಿಗೆ ಗೀರು ಬೀಳುತ್ತೆ. ಪಾಸಾದ ವಾಲ್ವ್ ಸೈಟಿನಲ್ಲಿ ಸೋರುತ್ತೆ. ಒಮ್ಮೆ ಅದುಮಿದ ಉಂಗುರವನ್ನ ಮತ್ತೆ ಹಾಕೋ ಹಾಗಿಲ್ಲ.

5/6
ಈ ನಿಯಮಗಳು ಪುಕ್ಕಟೆ ಬಂದಿದ್ದಲ್ಲ. 1905ರಲ್ಲಿ ಅಮೆರಿಕದ ಬ್ರಾಕ್ಟನ್‌ನ ಶೂ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು 58 ಜನ ಸತ್ತರು. ಅಲ್ಲಿ ಬಾಯ್ಲರ್ ಕಾನೂನು ಬಿಗಿಯಾಗಿದ್ದು ಅದರ ನಂತರ. ನಮ್ಮಲ್ಲಿ ಬಾಯ್ಲರ್ ಕಾಯ್ದೆ ಬಂದಿದ್ದು 1923ರಲ್ಲಿ. ನಿಯಮ ಇದ್ದರೂ ಸಾಲದು: 2009ರಲ್ಲಿ ರಷ್ಯಾದ ಸಯಾನೋ-ಶುಶೆನ್‌ಸ್ಕಾಯಾ ಜಲವಿದ್ಯುತ್ ಕೇಂದ್ರದಲ್ಲಿ ಟರ್ಬೈನ್ ಮುಚ್ಚಳದ ದಣಿದ ಬೋಲ್ಟುಗಳು ಕಿತ್ತು 75 ಜನ ಹೋದರು. ಟೆಸ್ಟ್ ಒಂದು ಸಲ ಮಾಡಿ ಮರೆಯೋದಲ್ಲ.

6/6
ಈಗ ಮೇಲೆ ನೋಡಿ. ಆ 440 ಮೀಟರ್ ನೀರಿಗಾಗಿ ಸಾಗರ, ಹೊಸನಗರದ ಎಷ್ಟೋ ಊರು, ಗದ್ದೆ, ತೋಟ ನೀರಿನಡಿ ಹೋದವು. ನಿಮ್ಮ ಅಜ್ಜ ಅಜ್ಜಿ "ಮುಳುಗಡೆ" ಅಂತ ಹೇಳಿರಬಹುದು. ವಾಲ್ವ್ ಪಾಸಾದ ದಿನವೇ ಅದಕ್ಕೊಂದು ಸರ್ಟಿಫಿಕೇಟ್ ಸಿಗುತ್ತೆ. ಜಾಗ ಬಿಟ್ಟುಕೊಟ್ಟ ಎಷ್ಟೋ ಕುಟುಂಬಗಳು ಅರವತ್ತು ವರ್ಷದ ಮೇಲೂ ಹಕ್ಕುಪತ್ರಕ್ಕೆ ಓಡಾಡ್ತಿವೆ. ಅವರು ತಾಳಿದ ಒತ್ತಡಕ್ಕೆ ಗೇಜ್ ಇಟ್ಟವರಿಲ್ಲ.

ನಿಮ್ಮ ಮನೆಯವರು ಯಾವ ಊರಿಂದ ಎದ್ದು ಬಂದಿದ್ದು? ಇವತ್ತು ರಾತ್ರಿ ಕೇಳಿ, ಊರಿನ ಹೆಸರು ಕೆಳಗೆ ಬರೀರಿ.

#ಶರಾವತಿ #ಮುಳುಗಡೆ #ನಮ್ಮಮಲೆನಾಡು